ಮಿಕ್ಕ ಅನ್ನ ಮತ್ತು ಅನರ್ಥದಂಡವಿರತಿ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಶ್ರಾವಕರ ಮನೆಗಳಲ್ಲಿ ಅಡುಗೆಯ ಕೆಲಸ ಕಡಮೆಯಾಗುತ್ತದೆ. ಕೆಲವರು ಏಕಭುಕ್ತವನ್ನು ನಡೆಸುತ್ತಾರೆ. ಕೆಲವರು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದನ್ನೋ ಎರಡನ್ನೋ ತ್ಯಜಿಸುತ್ತಾರೆ. ಶಕ್ತಿಯುಳ್ಳವರು ಅನಂತ ಚತುರ್ದಶಿಯಂದು ನಿರಾಹಾರರಾಗಿರುತ್ತಾರೆ. ಮರುದಿನ ಹುಣ್ಣಿಮೆ, ಪಾರಣೆ. ಅಂದು ಮಧ್ಯಾಹ್ನ ಪಂಕ್ತಿಗಳು ಎದ್ದ ಮೇಲೆ ಮಡಿಸಿಟ್ಟ ಎಲೆಗಳನ್ನು ಯಾರಾದರೂ ಬಿಚ್ಚಿ ನೋಡಿದರೆ, ಹತ್ತು ದಿನಗಳಲ್ಲಿ ನಾಲಿಗೆಯಿಂದ ಬಿಟ್ಟದ್ದೆಲ್ಲ ಒಂದೇ ದಿನದಲ್ಲಿ ಎಲೆಯಲ್ಲಿ ಬಿಟ್ಟುಹೋದಂತೆ ಕಾಣುತ್ತದೆ.

ಇದು ಮಿತವ್ಯಯಕ್ಕೆ ಸಂಬಂಧಿಸಿದ ಮಾತು, ಗೃಹಕೃತ್ಯದ ಮಾತು, ವ್ರತಕ್ಕೂ ಇದಕ್ಕೂ ಏನು ಸಂಬಂಧವೆಂದು ಅನೇಕರು ಭಾವಿಸುವುದುಂಟು. ಶ್ರಾವಕಾಚಾರವನ್ನು ಸ್ವಲ್ಪ ಲಕ್ಷ್ಯವಿಟ್ಟು ಓದಿದವರಿಗೆ ಹಾಗೆ ತೋರುವುದಿಲ್ಲ. ಎಲೆಯಲ್ಲಿ ಉಳಿದ ಅನ್ನದ ವಿಚಾರವು ಶ್ರಾವಕನ ಹನ್ನೆರಡು ವ್ರತಗಳೊಳಗೇ ಬರುತ್ತದೆ. ಅದರ ಸ್ಥಾನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿ.

ಅರ್ಥವೆಂದರೆ ಪ್ರಯೋಜನ, ದಂಡವೆಂದರೆ ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮನೋವಾಕ್ಕಾಯಗಳ ವ್ಯಾಪಾರ. ಯಾವ ಪ್ರಯೋಜನವೂ ಇಲ್ಲದೆ ನಡೆಯುವ ಇಂತಹ ವ್ಯಾಪಾರವೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಕೊನೆಯದಾದ ಪ್ರಮಾದಚರ್ಯೆಯು ಪ್ರಸ್ತುತ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತದೆ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕಲಕುವುದು, ವನಸ್ಪತಿಯನ್ನು ಕಡಿಯುವುದು ಮುಂತಾದವು ಅದರ ಸ್ವರೂಪ. ಒಂದು ತುತ್ತು ಅನ್ನ ಎಲೆಗೆ ಬರಬೇಕಾದರೆ ಈ ಐದೂ ನಡೆದಿರಲೇಬೇಕು. ಗದ್ದೆಯನ್ನು ಉಳುವಾಗ ಪೃಥ್ವೀಕಾಯಿಕಗಳು, ನೀರು ನಿಲ್ಲಿಸುವಾಗ ಅಪ್ಕಾಯಿಕಗಳು, ಪೈರು ಕೊಯ್ಯುವಾಗ ವನಸ್ಪತಿಕಾಯಿಕಗಳು, ತೂರುವಾಗ ವಾಯುಕಾಯಿಕಗಳು, ಒಲೆ ಹೊತ್ತಿಸಿದಾಗ ತೇಜಸ್ಕಾಯಿಕಗಳು ಬಾಧೆಗೊಳಗಾಗುತ್ತವೆ. ನೇಗಿಲಿನ ಕೆಳಗೆ ಸಿಕ್ಕುವ ಎರೆಹುಳು ಮೊದಲಾದ ತ್ರಸಜೀವಿಗಳ ಲೆಕ್ಕ ಬೇರೆ.

ಗೃಹಸ್ಥನಿಗೆ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲು ಸಾಧ್ಯವಿಲ್ಲವೆಂದು ತಿಳಿದೇ ಆಚಾರ್ಯರು ಆತನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ಮೊದಲು ವಿಧಿಸಿದರು. ಅಡುಗೆಯೂ ಬೇಸಾಯವೂ ದೇಹಧಾರಣೆಗೆ ಅನಿವಾರ್ಯವಾದುದರಿಂದ ಅಷ್ಟರ ಮಟ್ಟಿಗೆ ಆತನಿಗೆ ವಿನಾಯಿತಿ ದೊರೆಯಿತು. ಆದರೆ ಆ ವಿನಾಯಿತಿ ಯಾವುದಕ್ಕಾಗಿ ದೊರೆಯಿತು ಎಂಬುದನ್ನು ಮರೆಯಲಾಗದು. ಹಸಿದ ಹೊಟ್ಟೆಗೆ ಹೋದ ಅನ್ನಕ್ಕೆ ಅದು ಅನ್ವಯಿಸುತ್ತದೆ. ಯಾರ ಹೊಟ್ಟೆಗೂ ಹೋಗದೆ ತಿಪ್ಪೆಗೆ ಬಿದ್ದ ಅನ್ನದ ಹಿಂದೆಯೂ ಅಷ್ಟೇ ಹಿಂಸೆ ನಡೆದಿದೆ. ಅದನ್ನು ಸಮರ್ಥಿಸುವ ಪ್ರಯೋಜನ ಮಾತ್ರ ಇಲ್ಲ. ಅಲ್ಪಫಲ ಬಹುವಿಘಾತವೆಂಬ ಕಾರಣದಿಂದ ಹಸಿಶುಂಠಿ, ಮೂಲಂಗಿ ಮೊದಲಾದವುಗಳನ್ನು ವರ್ಜಿಸುವ ಮನೆಯಲ್ಲಿ ಪ್ರತಿದಿನ ಒಂದು ಸೌಟು ಅನ್ನವನ್ನು ಚೆಲ್ಲಿದರೆ, ಅಲ್ಲಿ ಅಲ್ಪಫಲವೂ ಇಲ್ಲ, ಬರಿಯ ವಿಘಾತವೊಂದೇ.

ಒಂದು ಸೌಟು ಅನ್ನವೆಂದರೆ ಸುಮಾರು 40 ಗ್ರಾಂ ಅಕ್ಕಿ. ಅದು ದಿನಕ್ಕೊಂದರಂತೆ ವರ್ಷಕ್ಕೆ 14 ಕಿಲೋ 600 ಗ್ರಾಂ ಆಗುತ್ತದೆ. ಒಂದು ಕಿಲೋ ಅಕ್ಕಿಯನ್ನು ಬೆಳೆಯಲು ಮಳೆಯ ನೀರು, ಕಾಲುವೆಯ ನೀರು ಎರಡೂ ಸೇರಿ ಸರಾಸರಿ 2,500 ಲೀಟರಿನಷ್ಟು ಬೇಕೆಂದು ಜಲತಜ್ಞರು ಅಂದಾಜು ಮಾಡಿದ್ದಾರೆ. ಆ ಲೆಕ್ಕದಲ್ಲಿ ಚೆಲ್ಲಿದ ಅನ್ನದ ಹಿಂದೆ ವರ್ಷಕ್ಕೆ 36,500 ಲೀಟರು ನೀರಿದೆ. ಕೊಡಕ್ಕೆ 15 ಲೀಟರೆಂದು ಹಿಡಿದರೂ ಎರಡು ಸಾವಿರದ ನಾನೂರಕ್ಕಿಂತ ಹೆಚ್ಚು ಕೊಡಗಳಾದವು. ಇದೇ ಮನೆಯ ಗೃಹಿಣಿಯು ಪ್ರತಿಯೊಂದು ಕೊಡ ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳಿಗೆ ಅಪಾಯವಾಗದಂತೆ ಅದನ್ನು ತಂದ ಬಾವಿಗೇ ಮರಳಿ ಬಿಡುವಷ್ಟು ಜಾಗರೂಕಳು. ಒಂದು ಕೊಡದ ವಿಷಯದಲ್ಲಿ ತೋರಿದ ಆ ದಯೆಯು ಎರಡು ಸಾವಿರದ ನಾನೂರು ಕೊಡಗಳ ವಿಷಯದಲ್ಲಿ ಕಾಣದೆ ಹೋಗುವುದು ಆಕೆಯ ಕಾಠಿಣ್ಯದಿಂದಲ್ಲ. ಅಷ್ಟು ನೀರು ಆ ಸೌಟಿನಲ್ಲಿ ಅಡಗಿರುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೊನೆಯ ಎರಡನ್ನು ಅಸಮೀಕ್ಷ್ಯಾಧಿಕರಣ ಮತ್ತು ಉಪಭೋಗಪರಿಭೋಗಾನರ್ಥಕ್ಯ ಎಂದು ಹೆಸರಿಸಿದ್ದಾರೆ. ಮೊದಲನೆಯದು ಅಗತ್ಯವೆಷ್ಟೆಂದು ವಿಚಾರಿಸದೆ ಕಾರ್ಯಕ್ಕೆ ತೊಡಗುವುದು. ಎರಡನೆಯದು ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಹಾಕುವುದು. ಎಣಿಕೆಯಿಲ್ಲದೆ ಅಕ್ಕಿಯನ್ನು ಪಾತ್ರೆಗೆ ಸುರಿಯುವ ಕೈಗೂ ತಿನ್ನುವ ಹಸಿವಿಲ್ಲದೆ ಎಲೆಯನ್ನು ತುಂಬಿಸಿಕೊಳ್ಳುವ ಕೈಗೂ ಇವೆರಡು ಹೆಸರುಗಳು ಹೇಳಿ ಮಾಡಿಸಿದಂತಿವೆ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಆಹಾರಕ್ಕೆ ಕಾಲಮರ್ಯಾದೆಯನ್ನು ಗೊತ್ತುಮಾಡಿರುವುದು ಧರ್ಮವೇ ಅಲ್ಲವೆ? ಮರ್ಯಾದೆ ಮೀರಿದ ಅನ್ನದಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ, ರಸವು ಚಲಿತವಾಗುತ್ತದೆ, ಅದು ಅಭಕ್ಷ್ಯ. ಇತರರ ಮನೆಗಳಲ್ಲಿ ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ, ಹಳೆಯ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುತ್ತಾರೆ. ಜೈನರಿಗೆ ಆ ದಾರಿಯಿಲ್ಲ. ಹೀಗಿರುವಾಗ ಮಿಕ್ಕದ್ದನ್ನು ಹೊರಗೆ ಹಾಕುವುದೇ ಆಚಾರವಲ್ಲವೆ?

ಇದಕ್ಕೆ ಸಮಾಧಾನ. ಮರ್ಯಾದೆ ಮೀರಿದ್ದನ್ನು ತಿನ್ನಬಾರದೆಂಬುದು ನಿಜ. ಆದರೆ ಮರ್ಯಾದೆಯ ವಿಧಿಯು ಎಸೆಯಲು ಕೊಟ್ಟ ಅಪ್ಪಣೆಯಲ್ಲ, ಅಳೆದು ಬೇಯಿಸಲು ಕೊಟ್ಟ ಅಪ್ಪಣೆ. ಮಿಕ್ಕದ್ದನ್ನು ಮರುದಿನ ಬಳಸುವ ದಾರಿ ಮುಚ್ಚಿರುವುದರಿಂದಲೇ ಶ್ರಾವಕನ ಅಡುಗೆಮನೆಯಲ್ಲಿ ಮಿಗದಂತೆ ನೋಡಿಕೊಳ್ಳುವ ಹೊಣೆ ಇತರರಿಗಿಂತ ಇಮ್ಮಡಿಯಾಗುತ್ತದೆ. ಈ ವಿಧಿಯನ್ನು ಅರ್ಧ ಪಾಲಿಸಿ ಅರ್ಧ ಬಿಟ್ಟರೆ ಜೀವದಯೆಗಾಗಿ ಹುಟ್ಟಿದ ನಿಯಮವೇ ಜೀವಬಾಧೆಗೆ ಕಾರಣವಾಗುತ್ತದೆ. ಮರ್ಯಾದೆ ಮೀರಿದ ಅನ್ನದಲ್ಲಿ ಯಾವ ಜೀವಗಳು ಹುಟ್ಟುವುವೆಂದು ಹೆದರಿ ಉಣ್ಣದೆ ಬಿಟ್ಟೆವೋ, ಅವೇ ಜೀವಗಳು ಹಿತ್ತಲಿನ ತಿಪ್ಪೆಯಲ್ಲಿ ನೂರ್ಮಡಿಯಾಗಿ ಹುಟ್ಟಿ ಬಿಸಿಲಿಗೂ ಕೋಳಿಯ ಕೊಕ್ಕಿಗೂ ಸಾಯುತ್ತವೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಗಣನೆಯಂತೆ ಅನ್ನ, ಬೇಳೆ, ಸಾರುಗಳಿಗೆ ಎರಡು ಪ್ರಹರ, ಎಂದರೆ 6 ಗಂಟೆ. ರೊಟ್ಟಿ, ಪೂರಿ ಮುಂತಾದುವಕ್ಕೆ 4 ಪ್ರಹರ.  ಪ್ರಾಂತಭೇದದಿಂದ ಅಲ್ಪಸ್ವಲ್ಪ ವ್ಯತ್ಯಾಸವುಂಟು. ಈಗ ಒಂದು ಮನೆಯ ದಿನಚರಿಯನ್ನು ಊಹಿಸಬಹುದು. ಬೆಳಿಗ್ಗೆ 10 ಗಂಟೆಗೆ ಅನ್ನ ಇಳಿಯಿತು. ಅದರ ಅವಧಿ ಸಂಜೆ 4ಕ್ಕೆ ಮುಗಿಯಿತು. ಸೂರ್ಯಾಸ್ತಕ್ಕೆ ಮೊದಲಿನ ಹಗಲೂಟವಾದರೋ 5-30ರ ಹೊತ್ತಿಗೆ. ಆದುದರಿಂದ "ಸಂಜೆಗೂ ಆದೀತು" ಎಂದು ಬೆಳಿಗ್ಗೆಯೇ ಎರಡು ಹಿಡಿ ಹೆಚ್ಚು ಹಾಕಿದ ಅಕ್ಕಿ ಸಂಜೆಗೆ ಆಗುವುದೇ ಇಲ್ಲ. ಎರಡು ಹೊತ್ತಿಗೆ ಎರಡು ಅಳತೆಗಳು ಬೇರೆ ಬೇರೆಯಾಗಿಯೇ ಇರಬೇಕು.

ಅಳತೆಯೆಂದರೆ ಕಣ್ಣಂದಾಜಲ್ಲ. ಅಕ್ಕಿಯ ಡಬ್ಬಿಯಲ್ಲಿ ಒಂದು ಪಾವೋ ಒಂದು ಲೋಟವೋ ಸದಾ ಇರಬೇಕು, ಅದನ್ನು ಬದಲಿಸಬಾರದು. ಮನೆಯಲ್ಲಿ ಯಾರಿಗೆ ಎಷ್ಟೆಂಬುದು ಒಂದು ವಾರ ಗಮನಿಸಿದರೆ ತಿಳಿದುಬಿಡುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ, ನಂದೀಶ್ವರದ ಎಂಟು ದಿನಗಳಲ್ಲಿ, ಯಾರಿಗೆ ಉಪವಾಸ, ಯಾರಿಗೆ ಏಕಭುಕ್ತ ಎಂಬುದು ಹಿಂದಿನ ದಿನವೇ ಗೃಹಿಣಿಗೆ ತಿಳಿದಿರಬೇಕು. ಪ್ರೋಷಧೋಪವಾಸದಲ್ಲಿ ಸಪ್ತಮಿಯ ಏಕಭುಕ್ತದ ನಂತರವೇ ಪ್ರತಿಜ್ಞೆಯನ್ನು ಸ್ವೀಕರಿಸುವ ಪದ್ಧತಿಯಿರುವುದರಿಂದ ಇದು ಕಷ್ಟವೇನೂ ಅಲ್ಲ. ಐವರ ಮನೆಯಲ್ಲಿ ಇಬ್ಬರು ಉಪವಾಸವಿದ್ದು, ಪಾತ್ರೆಗೆ ಮಾತ್ರ ಐವರ ಅಕ್ಕಿ ಬಿದ್ದರೆ, ಆ ಇಬ್ಬರ ಉಪವಾಸದಿಂದ ಉಳಿದ ಜೀವಗಳು ಯಾವುವು?

ಹೆಚ್ಚು ಬೇಯಿಸುವುದಕ್ಕೆ ಮೂಲಕಾರಣ ಔದಾರ್ಯವಲ್ಲ, ಸಾಲದೆ ಹೋದೀತೆಂಬ ಭಯ. ಅನಿರೀಕ್ಷಿತವಾಗಿ ಬಂಧುಗಳು ಬಂದರೆ ಏನು ಗತಿಯೆಂದು ಹೆಂಗಸರು ಚಿಂತಿಸುವುದು ಸಹಜ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಾಳೆಯ ಹಣ್ಣು ಮನೆಯಲ್ಲಿದ್ದರೆ ಆ ಭಯಕ್ಕೆ ಎಡೆಯಿಲ್ಲ. ಕೊರತೆಯನ್ನು ಕಾಲು ಗಂಟೆಯಲ್ಲಿ ತುಂಬಬಹುದು. ಹೆಚ್ಚಾದದ್ದನ್ನು ಮರಳಿ ಅಕ್ಕಿಯಾಗಿಸಲು ಯಾವ ಉಪಾಯವೂ ಇಲ್ಲ.

ಹಿಟ್ಟಿನ ಲೆಕ್ಕವನ್ನು ಅನೇಕ ಮನೆಗಳಲ್ಲಿ ಮರೆಯಲಾಗಿದೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆ. ದಿನಕ್ಕೆ ಅರ್ಧ ಕಿಲೋ ಜೋಳದ ಹಿಟ್ಟು ಖರ್ಚಾಗುವ ಮನೆಯವರು ಮಳೆಗಾಲದಲ್ಲಿ ಒಂದೂವರೆ ಕಿಲೋ, ಬೇಸಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ ಕಿಲೋ ಬೀಸಿಸಬೇಕಾಗುತ್ತದೆ. ಗಿರಣಿಗೆ ಪದೇ ಪದೇ ಹೋಗುವ ಬೇಸರಕ್ಕೆ ಆಷಾಢದಲ್ಲಿ ಐದು ಕಿಲೋ ಬೀಸಿಸಿ ತಂದರೆ ನಾಲ್ಕನೆಯ ದಿನ ಮೂರೂವರೆ ಕಿಲೋ ಹಿಟ್ಟಿನ ಮುಂದೆ ಧರ್ಮಸಂಕಟ. ಒಂದೋ ಮರ್ಯಾದೆಯನ್ನು ಮುರಿಯಬೇಕು, ಇಲ್ಲವೇ ಹಿಟ್ಟನ್ನು ಚೆಲ್ಲಬೇಕು. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಬೀಸಿಸಿ ಹಂಚಿಕೊಂಡರೆ ಗಿರಣಿಯ ಓಡಾಟವೂ ಉಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮರ್ಯಾದೆ ಬೆಳೆಯುತ್ತದೆಂದು ಹೇಳುವ ಹೊಸ ಪಂಡಿತರೂ ಇದ್ದಾರೆ. ಆ ಪೆಟ್ಟಿಗೆ ಕೆಡುವುದನ್ನು ನಿಧಾನಗೊಳಿಸೀತು. ಅದರಿಂದ ಶಾಸ್ತ್ರದ ಗಣನೆ ಬದಲಾಗುವುದಿಲ್ಲ. ಅದರ ನಿಜವಾದ ತೊಂದರೆಯೆಂದರೆ ಎಷ್ಟು ಬೇಕೆಂದು ಯೋಚಿಸುವ ಅಭ್ಯಾಸವನ್ನೇ ಅದು ತಪ್ಪಿಸಿಬಿಡುತ್ತದೆ.

ಮಿಕ್ಕ ಅನ್ನ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಚಾರಿಸಿದರೆ ಮೂರು ದಾರಿಗಳು ಕಾಣುತ್ತವೆ. ಮೂರನ್ನೂ ಪುಣ್ಯದ ದಾರಿಗಳೆಂದು ತಿಳಿಯಲಾಗಿದೆ.

ಮೊದಲನೆಯದು ಗೃಹಿಣಿಯ ಹೊಟ್ಟೆ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಚೆಲ್ಲಲು ಮನಸ್ಸಾಗದೆ ತಾಯಿಯೋ ಸೊಸೆಯೋ ತಾನೇ ಉಂಡುಬಿಡುತ್ತಾಳೆ. ಮನೆಯವರ ದೃಷ್ಟಿಯಲ್ಲಿ ಏನೂ ನಷ್ಟವಾಗಲಿಲ್ಲ. ಆದರೆ ಆಕೆ ಅವಮೌದರ್ಯವನ್ನು ಪಾಲಿಸಬೇಕೆಂದು ಸಂಕಲ್ಪಿಸಿದ್ದರೂ ಅದು ಸಾಗುವುದಿಲ್ಲ. ಹಸಿವಿಲ್ಲದೆ ಉಂಡ ಅನ್ನ ಆಕೆಯ ದೇಹಕ್ಕೂ ಹಿತವಲ್ಲ. ಅಗತ್ಯಕ್ಕಿಂತ ಹೆಚ್ಚು ಉಂಡದ್ದೂ ಒಂದು ಬಗೆಯಲ್ಲಿ ಚೆಲ್ಲಿದಂತೆಯೇ. ಚೆಲ್ಲಿದ ಸ್ಥಳ ಮಾತ್ರ ಬೇರೆ. ಮನೆಯಲ್ಲಿ ಅನ್ನ ಮಿಗುತ್ತಿಲ್ಲವೆಂದು ಹೆಮ್ಮೆಪಡುವ ಯಜಮಾನರು ಅದಕ್ಕೆ ಮೊದಲು ಅಡುಗೆಮನೆಯ ಬಾಗಿಲಲ್ಲಿ ಒಮ್ಮೆ ನಿಂತು ನೋಡುವುದು ಒಳ್ಳೆಯದು.

ಎರಡನೆಯದು ಗೋವು. ಒಂದೆರಡು ಹಿಡಿ ಹಸಿಯ ತರಕಾರಿ ಸಿಪ್ಪೆ, ಒಂದು ರೊಟ್ಟಿ ಹಸುವಿಗೆ ಕೊಟ್ಟರೆ ಬಾಧಕವಿಲ್ಲ. ಸಮಾರಂಭದ ಮರುದಿನ ಬುಟ್ಟಿಗಟ್ಟಲೆ ಅನ್ನವನ್ನು ಅದರ ಮುಂದೆ ಸುರಿಯುವುದು ಬೇರೆಯೇ ಮಾತು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ಹುಲ್ಲಿಗಾಗಿ ಇರತಕ್ಕದ್ದು. ಅಲ್ಲಿಗೆ ಒಮ್ಮೆಗೇ ಹೇರಳವಾಗಿ ಅನ್ನ ಹೋದರೆ ಅದು ಬೇಗನೆ ಹುಳಿತು ಆಮ್ಲ ವಿಪರೀತವಾಗುತ್ತದೆ, ಹಸು ಮೇವು ಬಿಡುತ್ತದೆ, ನೆಲಹಿಡಿಯುತ್ತದೆ, ಚಿಕಿತ್ಸೆ ತಡವಾದರೆ ಸಾಯುತ್ತದೆ. ಹಬ್ಬ ಮದುವೆಗಳ ನಂತರ ಪಶುವೈದ್ಯರು ಇಂತಹ ರೋಗವನ್ನು ಕಾಣುವುದು ಅಪರೂಪವಲ್ಲ. ಏಕೇಂದ್ರಿಯ ಜೀವಗಳ ಬಾಧೆಯಿಂದ ಆರಂಭವಾದ ಪ್ರಮಾದವು ಪಂಚೇಂದ್ರಿಯ ಜೀವದ ಪ್ರಾಣಹಾನಿಯಲ್ಲಿ ಮುಗಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆದ ಅನ್ನವನ್ನು ಚೀಲದ ಸಹಿತ ತಿನ್ನುವ ಹಸುವಿನ ಪಾಡಂತೂ ಹೇಳತೀರದು.

ಮೂರನೆಯದು ಬಡವರಿಗೆ ದಾನ. ಮರ್ಯಾದೆ ಮೀರಿದೆಯೆಂದು ತಾನು ಮುಟ್ಟದ ಅನ್ನವನ್ನು ಕೆಲಸದವಳ ಪಾತ್ರೆಗೆ ಹಾಕಿ ಕರುಣಾದಾನವೆಂದು ಎಣಿಸುವವರು, ಅನ್ನದ ದೋಷ ಉಣ್ಣುವವರ ಜಾತಿಕುಲಗಳನ್ನು ನೋಡಿ ಬರುವುದಿಲ್ಲವೆಂಬುದನ್ನು ಮರೆತಿದ್ದಾರೆ. ಕೊಡಬೇಕೆಂಬ ಬುದ್ಧಿಯಿದ್ದರೆ ಅನ್ನ ಬಿಸಿಯಾಗಿರುವಾಗಲೇ, ತಮ್ಮ ಊಟಕ್ಕೆ ಮೊದಲೇ ತೆಗೆದಿಟ್ಟು ಕೊಡಬೇಕು. ಅದು ದಾನ. ಮಿಕ್ಕದ್ದು ಬರಿಯ ವಿಲೇವಾರಿ.

ಮನೆಗಳಲ್ಲಿ ನಡೆಯುವುದೇ ಜಗತ್ತಿನ ಲೆಕ್ಕದಲ್ಲಿಯೂ ಕಾಣುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2022ರಲ್ಲಿ ಅಂಗಡಿ, ಭೋಜನಶಾಲೆ, ಮನೆಗಳಲ್ಲಿ ಒಟ್ಟು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. ಭಾರತದ ಮನೆಗಳಿಗೆ ತಲಾ ವರ್ಷಕ್ಕೆ 55 ಕಿಲೋ ಎಂದು ಅದು ಲೆಕ್ಕಹಾಕಿದೆ. ಸಿಪ್ಪೆ, ಓಟೆ ಮುಂತಾದ ತಿನ್ನಲಾಗದ ಭಾಗಗಳೂ ಇದರಲ್ಲಿ ಸೇರಿವೆ. ಆದರೂ ದಿನಕ್ಕೆ ತಲಾ 150 ಗ್ರಾಂ ಸಣ್ಣ ಮೊತ್ತವಲ್ಲ. ಇನ್ನು ಸಮಾರಂಭಗಳ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನಗರದ 531 ಕಲ್ಯಾಣ ಮಂಟಪಗಳನ್ನು ಕುರಿತು ನಡೆಸಿ 2012ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ವರ್ಷಕ್ಕೆ 943 ಟನ್ ಉತ್ತಮ ಆಹಾರ ಹಾಳಾಗುತ್ತಿದ್ದುದು ಕಂಡುಬಂದಿತು.

ಉಪವಾಸವೆಂಬ ಅನಶನ ತಪಸ್ಸಿಗೆ ಸಮಾಜದಲ್ಲಿ ದೊರೆಯುವ ಗೌರವ ಅದರ ಪಕ್ಕದಲ್ಲಿಯೇ ಇರುವ ಅವಮೌದರ್ಯಕ್ಕೆ ದೊರೆತಿಲ್ಲ. ಆರು ಬಾಹ್ಯತಪಸ್ಸುಗಳಲ್ಲಿ ಇದು ಎರಡನೆಯದು. ಪುರುಷನ ಪೂರ್ಣ ಆಹಾರ 32 ಕವಳ, ಸ್ತ್ರೀಯ ಪೂರ್ಣ ಆಹಾರ 28 ಕವಳವೆಂದು ಶಿವಾರ್ಯರ ಭಗವತೀ ಆರಾಧನೆಯಲ್ಲಿ ಹೇಳಿದೆ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗ್ರಂಥವೇ ಅದು. ಇದರಲ್ಲಿ ಒಂದು ಕವಳವನ್ನು ಕಡಮೆ ಮಾಡಿದರೂ ಅವಮೌದರ್ಯ, ಒಂದೇ ಕವಳ ಉಳಿಯುವವರೆಗೆ ಇಳಿಸಿದರೂ ಅವಮೌದರ್ಯ. ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯಕ್ಕೆ ಅನುಕೂಲ ಇವು ಅದರ ಫಲಗಳೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಈ ತಪಸ್ಸಿಗೆ ಇನ್ನೊಂದು ಗುಣವೂ ಇದೆ. ಎಷ್ಟು ಬೇಕೆಂಬುದು ಮೊದಲು ತಿಳಿಯದೆ ಅದಕ್ಕಿಂತ ಕಡಮೆ ಉಣ್ಣಲು ಸಾಧ್ಯವಿಲ್ಲ. ಉಪವಾಸಕ್ಕೆ ಅಳತೆಯ ಜ್ಞಾನ ಬೇಕಾಗುವುದಿಲ್ಲ, ಅವಮೌದರ್ಯಕ್ಕೆ ಬೇಕು. ಮಕ್ಕಳಿಗೆ ಮೊದಲು ಕಲಿಸಬೇಕಾದ ತಪಸ್ಸು ಆದುದರಿಂದ ಇದೇ.

ಬಸದಿಯ ಪಾಠಶಾಲೆಯಲ್ಲಿ ಇದನ್ನು ಕಲಿಸುವುದಕ್ಕೆ ಒಳ್ಳೆಯ ಸಾಧನ ಟೀಕಾಕಾರರೇ ಒದಗಿಸಿದ್ದಾರೆ. ಒಂದು ಕವಳವೆಂದರೆ ಒಂದು ಸಾವಿರ ಅಕ್ಕಿಕಾಳೆಂದು ಅವರು ಪ್ರಮಾಣ ಹೇಳಿದ್ದಾರೆ. ಇಪ್ಪತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬೊಬ್ಬರೂ 50 ಕಾಳುಗಳನ್ನು ಎಣಿಸಿ ಒಂದು ತಟ್ಟೆಗೆ ಹಾಕಲಿ. ಸಾವಿರವಾಯಿತು. ಚಿಕ್ಕ ತಕ್ಕಡಿಯಲ್ಲಿ ತೂಗಿದರೆ ಸಣ್ಣಕ್ಕಿಯಾದರೆ ಸುಮಾರು 15 ಗ್ರಾಂ, ದಪ್ಪಕ್ಕಿಯಾದರೆ 20 ಗ್ರಾಂನಷ್ಟು ಬರುತ್ತದೆ. ಶಾಲೆಯ ಮಧ್ಯಾಹ್ನದ ಬಿಸಿಯೂಟಕ್ಕೆ ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಧಾನ್ಯವೆಂದು ಸರಕಾರವು ಗೊತ್ತುಮಾಡಿದೆ. ಅದು ಎಷ್ಟು ಕವಳವಾಯಿತೆಂದು ಮಕ್ಕಳೇ ಭಾಗಿಸಲಿ. ಅಕ್ಕಿಯ ಬಗೆಗೆ ತಕ್ಕಂತೆ ಐದರಿಂದ ಏಳರವರೆಗೆ, ಏಳೂವರೆಯಿಂದ ಹತ್ತರವರೆಗೆ ಎಂದು ಉತ್ತರ ಬರುತ್ತದೆ. ನಿನ್ನೆ ಎಲೆಯಲ್ಲಿ ಬಿಟ್ಟದ್ದು ಎರಡು ತುತ್ತಾದರೆ ಎರಡು ಸಾವಿರ ಕಾಳುಗಳು. ಐವತ್ತು ಕಾಳು ಎಣಿಸುವಷ್ಟರಲ್ಲಿ ಬೆರಳು ನೋಯಿಸಿಕೊಂಡ ಮಗುವಿಗೆ ಎರಡು ಸಾವಿರವೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಎಣಿಸಿದ ಅಕ್ಕಿಯನ್ನು ಅದೇ ದಿನ ತೊಳೆದು ಯಾರ ಮನೆಯಲ್ಲಾದರೂ ಬೇಯಿಸಿಕೊಳ್ಳಬೇಕು. ಪಾಠಕ್ಕಾಗಿ ತಂದ ಅಕ್ಕಿ ಮೂಲೆಯಲ್ಲಿ ಹುಳು ಹಿಡಿಯುವಂತಾದರೆ ಪಾಠವೇ ಸುಳ್ಳಾಗುತ್ತದೆ.

ಎರಡನೆಯ ಪಾಠಕ್ಕೆ ಮುನಿಗಳ ಆಹಾರವಿಧಿಯನ್ನು ಆರಿಸಿಕೊಳ್ಳಬಹುದು. ಚಾತುರ್ಮಾಸದ ಊರುಗಳಲ್ಲಿ ಮಕ್ಕಳು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಮುನಿಗಳು ನಿಂತು, ದಿನಕ್ಕೊಮ್ಮೆ, ತಮ್ಮ ಅಂಗೈಗಳನ್ನೇ ಪಾತ್ರೆಯಾಗಿಸಿಕೊಂಡು ಆಹಾರ ಸ್ವೀಕರಿಸುತ್ತಾರೆ. ಪಾಣಿಪಾತ್ರದಲ್ಲಿ ಎಂಜಲು ಉಳಿಯುವುದಿಲ್ಲವೇಕೆ ಎಂದು ಕೇಳಿದರೆ ಮಕ್ಕಳು ತಾವೇ ಉತ್ತರ ಹೇಳುತ್ತಾರೆ: ಒಂದು ಮುಗಿಯದೆ ಇನ್ನೊಂದು ಬೀಳುವುದಿಲ್ಲ. ಮುನಿಗಳ ಆಹಾರಕ್ಕೆ ಸಂಬಂಧಿಸಿದ 46 ದೋಷಗಳಲ್ಲಿ ಪ್ರಮಾಣ, ಅಂಗಾರ, ಧೂಮ ಎಂಬ ಮೂರುಂಟು. ಹೊಟ್ಟೆಯ ನಾಲ್ಕು ಪಾಲುಗಳಲ್ಲಿ ಎರಡು ಅನ್ನಕ್ಕೆ, ಒಂದು ನೀರಿಗೆ, ಒಂದು ವಾಯುಸಂಚಾರಕ್ಕೆ. ಇದನ್ನು ಮೀರಿದರೆ ಪ್ರಮಾಣದೋಷ. ಆಸೆಬುರುಕತನದಿಂದ ಉಂಡರೆ ಅಂಗಾರ, ಎಂದರೆ ಕೆಂಡ. ಹಳಿಯುತ್ತ ಮುಖ ಸಿಂಡರಿಸಿ ಉಂಡರೆ ಧೂಮ, ಎಂದರೆ ಹೊಗೆ. ಈ ದೋಷಗಳನ್ನು ಹೇಳಿರುವುದು ಮಹಾವ್ರತಿಗಳಿಗೆ. ಆದರೂ ಮಕ್ಕಳ ಎಲೆಯಲ್ಲಿ ಅನ್ನ ಉಳಿಯುವ ಕಾರಣಗಳನ್ನು ಹುಡುಕಿದರೆ ಇವೇ ಸಿಕ್ಕುತ್ತವೆ. ಬಡಿಸುವಾಗ ಕೆಂಡ, ಉಣ್ಣುವಾಗ ಹೊಗೆ. ಒಬ್ಬ ಹುಡುಗ ಹೋಳಿಗೆಯನ್ನು ಮೂರು ಹಾಕಿಸಿಕೊಂಡು ಒಂದನ್ನು ಬಿಟ್ಟದ್ದು ಯಾವುದರಿಂದ, ಪಡವಲಕಾಯಿ ಪಲ್ಯವನ್ನು ಅಂಚಿಗೆ ಸರಿಸಿದ್ದು ಯಾವುದರಿಂದ ಎಂದು ಕೇಳಿದರೆ ತರಗತಿ ನಗುತ್ತದೆ, ಮತ್ತು ನೆನಪಿಟ್ಟುಕೊಳ್ಳುತ್ತದೆ.

ದೊಡ್ಡವರಿಗೂ ಇದರಲ್ಲಿ ಪಾಠವುಂಟು. ಮುನಿಗಳು ಉದ್ದಿಷ್ಟ ಆಹಾರವನ್ನು, ಎಂದರೆ ತಮಗಾಗಿಯೇ ಮಾಡಿದ್ದನ್ನು ಸ್ವೀಕರಿಸುವವರಲ್ಲ. ಶ್ರಾವಕನು ತನ್ನ ಮನೆಗಾಗಿ ಮಾಡಿದ ಶುದ್ಧ ಆಹಾರದಲ್ಲಿಯೇ ಅವರಿಗೆ ಪಾಲು. ಮನೆಯವರು ನಾಲ್ವರಿದ್ದು ಇಪ್ಪತ್ತು ಬಗೆಯ ಪದಾರ್ಥಗಳನ್ನು ಅಣಿಮಾಡಿದರೆ, ಪೂಜ್ಯರು ಅಂತರಾಯದಿಂದ ಕೆಲವೇ ಕವಳಗಳಲ್ಲಿ ಆಹಾರವನ್ನು ನಿಲ್ಲಿಸಿದ ದಿನ ಉಳಿದುದೆಲ್ಲ ಏನಾಯಿತು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಪಂಕ್ತಿಯ ಊಟದಲ್ಲಿ ಬಡಿಸುವವರ ಉಪಚಾರದ ಒತ್ತಾಯವು ಬಹುಕಾಲದಿಂದ ಬಂದ ರೂಢಿ. "ಇನ್ನೊಂದಿಷ್ಟು ಹಾಕಿಸಿಕೊಳ್ಳಿರಿ, ಏನೂ ಉಣ್ಣಲಿಲ್ಲವಲ್ಲ" ಎನ್ನುತ್ತಲೇ ಸೌಟು ಬಗ್ಗಿರುತ್ತದೆ. ಊಟದ ಮೌನವನ್ನು ಪಾಲಿಸುವ ವ್ರತಿಕರಂತೂ ಬೇಡವೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬೀಳುತ್ತದೆ. ಕೃತ, ಕಾರಿತ, ಅನುಮೋದನ ಎಂದು ಆಸ್ರವಕ್ಕೆ ಮೂರು ದ್ವಾರಗಳನ್ನು ಬಾಯಿಪಾಠ ಮಾಡಿಸುವ ಅಧ್ಯಾಪಕರು ಈ ದೃಶ್ಯವನ್ನೇ ಉದಾಹರಣೆಯಾಗಿ ಕೊಡಬಹುದು. ಬಿಟ್ಟವನು ಕೃತದಲ್ಲಿ, ಬಲವಂತವಾಗಿ ಬಡಿಸಿದವನು ಕಾರಿತದಲ್ಲಿ, ಪಕ್ಕದಲ್ಲಿ ಕುಳಿತು "ಹಾಕಿ, ಹಾಕಿ" ಎಂದವನು ಅನುಮೋದನದಲ್ಲಿ. ಪಾರಣೆಯ ಪಂಕ್ತಿಗಾದರೆ ಇನ್ನೊಂದು ಎಚ್ಚರ ಅವಶ್ಯ. ಹಲವು ದಿನ ಉಪವಾಸವಿದ್ದವರ ಹೊಟ್ಟೆ ಒಮ್ಮೆಗೇ ತುಂಬು ಊಟವನ್ನು ತಾಳುವುದಿಲ್ಲ. ಅವರಿಗೆ ಬೇಕಾದದ್ದು ಗಂಜಿ, ಹೆಸರುಬೇಳೆಯ ಕಟ್ಟು, ಸ್ವಲ್ಪ ಹಾಲು. ದೀರ್ಘ ಉಪವಾಸದ ನಂತರ ಭಾರಿ ಊಟ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಹೇಳುತ್ತಾರೆ. ನೂರು ಜನರ ಪಾರಣೆಯಲ್ಲಿ ಮೂವತ್ತು ಮಂದಿ ಉಪವಾಸಿಗಳಿದ್ದರೆ ನೂರು ಪೂರ್ಣ ಊಟದ ಅಕ್ಕಿ ಹಾಕುವುದು ಎಣಿಕೆಯ ತಪ್ಪು. ಉದ್ಯಾಪನೆಯನ್ನು ನಡೆಸುವವರು ಅಡುಗೆಯವರಿಗೆ ಜನಸಂಖ್ಯೆಯನ್ನು ತಿಳಿಸುವಾಗ ಈ ಎರಡು ಸಂಖ್ಯೆಗಳನ್ನೂ ಬೇರೆಬೇರೆಯಾಗಿ ಹೇಳತಕ್ಕದ್ದು.

ಇನ್ನು ಮಕ್ಕಳಿಗೆ ಕೊಡಬೇಕಾದ ನಿಯಮ. ತ್ಯಾಗವು ಯಮ, ನಿಯಮ ಎಂದು ಎರಡು ಬಗೆ. ಆಜೀವ ಪರ್ಯಂತದ್ದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಳ್ಳುವ ಅವಕಾಶವನ್ನು ಸಮಂತಭದ್ರರೇ ಕೊಟ್ಟಿದ್ದಾರೆ. ಹತ್ತು ವರ್ಷದ ಮಗುವಿನಿಂದ "ಇನ್ನೆಂದೂ ಅನ್ನ ಬಿಡುವುದಿಲ್ಲ" ಎಂದು ಹೇಳಿಸುವುದು ಸರಿಯಲ್ಲ. ಅದು ಮೂರನೆಯ ದಿನ ಮುರಿದು, ವ್ರತಗಳು ಮುರಿಯುವುದಕ್ಕಾಗಿಯೇ ಇವೆಯೆಂಬ ಕೆಟ್ಟ ಪಾಠ ಉಳಿಯುತ್ತದೆ. ಪಾಡ್ಯದಿಂದ ಹುಣ್ಣಿಮೆಯವರೆಗೆ ಒಂದು ಪಕ್ಷದ ನಿಯಮ ಸಾಕು. ನಿಯಮದ ಮಾತೂ ಎಲೆಯಲ್ಲಿ ಬಿಡುವುದಿಲ್ಲ ಎಂದಿರದೆ, ಬೇಕಾದಷ್ಟನ್ನೇ ಹಾಕಿಸಿಕೊಳ್ಳುತ್ತೇನೆ ಎಂದಿರಬೇಕು. ಮೊದಲನೆಯ ರೀತಿಯಲ್ಲಿ ಹೇಳಿಸಿದರೆ ತಾಯಂದಿರು ತುಂಬಿದ ತಟ್ಟೆಯನ್ನು ಮುಂದಿಟ್ಟು, ನಿಯಮದ ಹೆಸರಿನಲ್ಲಿ ಮಗುವಿಗೆ ತುರುಕುವುದಕ್ಕೆ ದಾರಿಯಾಗುತ್ತದೆ. ಮೊದಲ ಬಡಿಕೆ ಚಿಕ್ಕದಾಗಿರಲಿ. ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುವುದಕ್ಕೆ ನಾಚಿಕೆಯಿಲ್ಲವೆಂದು ಮನೆಯಲ್ಲಿ ಎಲ್ಲರೂ ಒಪ್ಪಿರಲಿ.

ಪಾಠಶಾಲೆಯಲ್ಲಿ ಇದಕ್ಕೊಂದು ಪುಸ್ತಕವನ್ನಿಡಬಹುದು. ಯಾವ ಮಗು ಎಷ್ಟು ಬಿಟ್ಟಿತೆಂದು ಹೆಸರು ಹಿಡಿದು ಬರೆಯುವ ಪದ್ಧತಿ ಬೇಡ. ಅದರಿಂದ ಸುಳ್ಳು ಕಲಿಯುತ್ತಾರೆ, ಅಚೌರ್ಯ ಸತ್ಯಗಳಿಗೆ ಬೇರೆ ಪಾಠ ಮಾಡಬೇಕಾಗುತ್ತದೆ. ಎಲ್ಲರ ಮನೆಗಳ ಲೆಕ್ಕವನ್ನೂ ಒಟ್ಟಾಗಿ ತುತ್ತುಗಳಲ್ಲಿ ಬರೆಯಲಿ. ಮೊದಲ ವಾರ ಇಷ್ಟು ತುತ್ತು, ಎರಡನೆಯ ವಾರ ಇಷ್ಟು ಎಂದು ಹಲಗೆಯ ಮೇಲೆ ಕಂಡರೆ ಸಾಕು. ನಿಯಮ ತಪ್ಪಿದ ಮಗುವಿಗೆ ಪ್ರಾಯಶ್ಚಿತ್ತವೇನೆಂದು ಕೇಳುವ ಅಧ್ಯಾಪಕರಿರುತ್ತಾರೆ. ಬಸ್ಕಿ ತೆಗೆಸುವುದೂ ಬೇಡ, ಉಪವಾಸ ಹೇರುವುದೂ ಬೇಡ. ಆ ಮಗು ಮುಂದಿನ ಊಟದಲ್ಲಿ ಮೊದಲ ಬಡಿಕೆಯನ್ನು ಒಂದು ತುತ್ತು ಕಡಮೆ ಹಾಕಿಸಿಕೊಂಡು, ಹಸಿವು ಉಳಿದರೆ ಕೇಳಿ ಉಣ್ಣಲಿ.